ಹೊಗೆಗಿಂತ ಮೊದಲು ನೀರು ನೋಡಿ: ಡೆಂಗಿ ಸೊಳ್ಳೆ ತಡೆಯಲು ಮನೆಗೂ ಬೀದಿಗೂ ಒಂದು ಮಾರ್ಗದರ್ಶಿ

ಬೀದಿಯಲ್ಲಿ ಯಾರಿಗಾದರೂ ಡೆಂಗಿ ಬಂತು ಅಂತ ಗೊತ್ತಾದ ಕೂಡಲೇ ನಾವು ಮಾಡುವ ಮೊದಲ ಕೆಲಸ ಫಾಗಿಂಗ್ ಗಾಡಿ ಕಳಿಸಿ ಅಂತ ಫೋನ್ ಮಾಡುವುದು. ನನ್ನ ಮಗಳು ಜ್ವರದಿಂದ ಮಲಗಿದಾಗ ನಾನೂ ಅದನ್ನೇ ಮಾಡಿದೆ. ಮೂರು ದಿನ ಕಾದ ಮೇಲೆ ಒಂದು ಸಂಜೆ ಆರೂವರೆಗೆ ಗಾಡಿ ಬಂತು. ಬೀದಿ ತುಂಬ ಬಿಳಿ ಹೊಗೆ, ಡೀಸೆಲ್ ವಾಸನೆ. ಎಲ್ಲರೂ ಕಿಟಕಿ ಬಾಗಿಲು ಹಾಕಿಕೊಂಡು ಒಳಗೆ ಕೂತೆವು. ಆ ರಾತ್ರಿ ಮನಸ್ಸಿಗೆ ಸಮಾಧಾನ ಆಯಿತು. ಎರಡು ವಾರ ಕಳೆಯುವುದರೊಳಗೆ ಎದುರು ಮನೆಯ ಅಜ್ಜಿಯೂ ಆಸ್ಪತ್ರೆ ಸೇರಿದರು.

ಆಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಬಂದು, ನಮ್ಮ ಹಿತ್ತಲ ಮೂಲೆಗೆ ಸರಿಸಿಟ್ಟಿದ್ದ ಹಳೇ ಒರಳುಕಲ್ಲಿಗೆ ಟಾರ್ಚ್ ಬಿಟ್ಟು ತೋರಿಸಿದರು. ಒಂದು ಲೋಟದಷ್ಟು ಮಳೆನೀರು. ಅದರೊಳಗೆ ಹತ್ತಿಪ್ಪತ್ತು ಸಣ್ಣ ಹುಳ ಮೈ ತಿರುಚುತ್ತಾ ಮೇಲೆ ಕೆಳಗೆ ಓಡಾಡುತ್ತಿದ್ದವು. "ಅಕ್ಕಾ, ಇವು ಸೊಳ್ಳೆ ಮರಿ. ನೀವು ಎಷ್ಟು ಹೊಗೆ ಬಿಡಿಸಿದ್ರೂ ಇವು ಸಾಯಲ್ಲ" ಅಂದರು. ಆ ಒರಳುಕಲ್ಲಿನಿಂದ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಸೊಳ್ಳೆ ಅಂತ ಮೊದಲು ತಿಳಿಯಿರಿ

ಡೆಂಗಿ, ಚಿಕೂನ್‌ಗುನ್ಯಾ ಹರಡುವುದು ಈಡಿಸ್ ಸೊಳ್ಳೆ. ಕಪ್ಪು ಮೈ, ಕಾಲುಗಳ ಮೇಲೆ ಬಿಳಿ ಪಟ್ಟೆ. ಹಗಲು ಕಚ್ಚುತ್ತದೆ. ಬೆಳಿಗ್ಗೆ ಬಿಸಿಲೇರುವ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ಇದು ಮೊಟ್ಟೆ ಇಡುವುದು ಮೋರಿಯಲ್ಲಿ ಅಲ್ಲ, ನಾವು ಕುಡಿಯಲು, ತೊಳೆಯಲು ಹಿಡಿದಿಟ್ಟ ತಿಳಿನೀರಿನಲ್ಲಿ. ಇನ್ನೊಂದು ಮುಖ್ಯ ಮಾತು: ಇದು ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಬದುಕು ಮುಗಿಸುತ್ತದೆ. ಅಂದರೆ ನಿಮ್ಮನ್ನು ಕಚ್ಚಿದ ಈಡಿಸ್ ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಹುಟ್ಟಿದ್ದು.

ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು ಹೆಚ್ಚಾಗಿ ಕ್ಯೂಲೆಕ್ಸ್. ಅದರ ಒಂದು ಜಾತಿ ಕೊಳಕು ಚರಂಡಿಯಲ್ಲಿ ಹುಟ್ಟುತ್ತದೆ, ಕಲಬುರಗಿ ಕಡೆ ಆನೆಕಾಲು ರೋಗ ತಂದದ್ದು ಅದೇ. ಗದ್ದೆ ನೀರಿನಲ್ಲಿ ಹುಟ್ಟುವ ಅದರ ಬಳಗ ಮಂಡ್ಯ, ಕೋಲಾರದ ಕಡೆ ಮಿದುಳು ಜ್ವರ ಹರಡಿದೆ. ಮಲೇರಿಯಾದ ಅನಾಫಿಲಿಸ್ ಸೊಳ್ಳೆ ಬಾವಿ, ಟ್ಯಾಂಕು, ಕಟ್ಟಡ ಕೆಲಸದ ನೀರಿನಲ್ಲಿ ಬೆಳೆಯುತ್ತದೆ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಗೆ ಏನು ಮಾಡುತ್ತದೆ

ಫಾಗಿಂಗ್ ಯಂತ್ರದಲ್ಲಿ ಮೆಲಾಥಿಯಾನ್ ಅಥವಾ ಪೈರೆಥ್ರಮ್ ಗುಂಪಿನ ಕೀಟನಾಶಕವನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬೆರೆಸಿರುತ್ತಾರೆ. ಅದರ ಸಣ್ಣ ಹನಿ ಹಾರುತ್ತಿರುವ ಸೊಳ್ಳೆಗೆ ನೇರವಾಗಿ ತಾಗಿದರೆ ಸೊಳ್ಳೆ ಸಾಯುತ್ತದೆ. ಅಷ್ಟೇ. ಹೊಗೆ ಕರಗಿದ ಮೇಲೆ ಔಷಧಿಯ ಕೆಲಸ ಮುಗಿಯಿತು. ನೀರಿನೊಳಗಿನ ಹುಳಕ್ಕೆ ಏನೂ ಆಗುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಆ ಹುಳಗಳಲ್ಲಿ ಕೆಲವು ರೆಕ್ಕೆ ಬಂದು ಹಾರುತ್ತವೆ.

ಮೇಲಾಗಿ ಈಡಿಸ್ ಇರುವುದು ಬೀದಿಯಲ್ಲಿ ಅಲ್ಲ. ಮಂಚದ ಕೆಳಗೆ, ಪರದೆ ಹಿಂದೆ, ಗೋಡೆಗೆ ನೇತುಹಾಕಿದ ಬಟ್ಟೆಯ ನೆರಳಿನಲ್ಲಿ ಕೂತಿರುತ್ತದೆ. ಗಾಡಿ ಬಂದಾಗ ನಾವು ಕಿಟಕಿ ಹಾಕಿದೆವಲ್ಲ, ಹೊಗೆ ಅದರ ಹತ್ತಿರಕ್ಕೂ ಹೋಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಇಂಥ ಸಿಂಪಡಣೆಯನ್ನು ರೋಗ ಹಬ್ಬಿದ ತುರ್ತು ಸಂದರ್ಭಕ್ಕೆ ಮಾತ್ರ ಇಟ್ಟುಕೊಳ್ಳಿ ಅನ್ನುತ್ತದೆ.

ಬರೀ ಔಷಧಿ ನಂಬಿದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ದೇಶ ಒಮ್ಮೆ ನೋಡಿದೆ. 1953ರಲ್ಲಿ ಮಲೇರಿಯಾ ವಿರುದ್ಧ ಮನೆಮನೆಗೆ ಡಿಡಿಟಿ ಹೊಡೆಯಲು ಶುರು ಮಾಡಿದರು. 1965ರ ಹೊತ್ತಿಗೆ ವರ್ಷಕ್ಕೆ ಒಂದು ಲಕ್ಷದಷ್ಟು ಪ್ರಕರಣಗಳಿಗೆ ಇಳಿಯಿತು. ಮಲೇರಿಯಾ ಹೋಯಿತು ಅಂತಲೇ ಎಲ್ಲರೂ ಅಂದುಕೊಂಡರು. ಆಮೇಲೆ ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು, ಕೆಲಸವೂ ಸಡಿಲಾಯಿತು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು. ಆ ಔಷಧಿ ಲಕ್ಷಾಂತರ ಜೀವ ಉಳಿಸಿದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇಕಿದ್ದಾಗಲೂ ಬೇಡದಾಗಲೂ ಹೊಡೆದರೆ, ನಿಜವಾಗಿ ಬೇಕಾದಾಗ ಅದು ಕೈಕೊಡುತ್ತದೆ.

ನಮ್ಮ ಮೈಗೂ ಇದು ಒಳ್ಳೆಯದಲ್ಲ. ಮೆಲಾಥಿಯಾನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿತು. ಉಬ್ಬಸ ಇರುವವರಿಗೆ ಆ ಹೊಗೆಯೇ ಸಾಕು. ಜೇನುಹುಳ, ಮೀನುಗಳ ಕಥೆ ಇನ್ನೂ ಕಷ್ಟ. 2016ರಲ್ಲಿ ಅಮೆರಿಕದ ಸೌತ್ ಕರೊಲಿನಾದಲ್ಲಿ ಸೊಳ್ಳೆಯಿಂದ ಹರಡುವ ಝಿಕಾ ರೋಗದ ಭಯಕ್ಕೆ ಒಂದು ಬೆಳಿಗ್ಗೆ ವಿಮಾನದಿಂದ ಕೀಟನಾಶಕ ಸುರಿದರು. ಲಕ್ಷಾಂತರ ಜೇನುಹುಳಗಳು ಪೆಟ್ಟಿಗೆ ಮುಂದೆ ಸತ್ತು ಬಿದ್ದವು.

ಇನ್ನು ನಾವು ಮಾಡಬೇಕಾದ ಕೆಲಸಕ್ಕೆ ಬರೋಣ.

ಹೆಜ್ಜೆ 1: ವಾರಕ್ಕೊಂದು ದಿನ ಗೊತ್ತು ಮಾಡಿ, ಟಾರ್ಚ್ ಹಿಡಿದು ಸುತ್ತಿ

ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ಏಳು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಒಂದು ಸೊಳ್ಳೆಯೂ ರೆಕ್ಕೆ ಬಿಚ್ಚುವುದಿಲ್ಲ. ಇದು ಹೊಸ ವಿದ್ಯೆಯೇನಲ್ಲ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅಂತ ಮುಂದೆ ತೋರಿಸಿಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದ. ಅವನ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ. ಕಿಟಕಿ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಹುಳ ಕಂಡ. ಅದನ್ನು ಬೋರಲು ಹಾಕಿದ ಮೇಲೆ ಕಾಟ ಕಡಿಮೆಯಾಯಿತು. ಇದು ನಮ್ಮ ಊರಲ್ಲೇ ನಡೆದದ್ದು.

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಅರ್ಧ ಗಂಟೆ. ಮಕ್ಕಳ ಕೈಗೆ ಟಾರ್ಚ್ ಕೊಡಿ, ಅವರ ಕಣ್ಣು ನಮಗಿಂತ ಚುರುಕು. ಹುಳ ಹೇಗಿರುತ್ತದೆ ಅಂತ ಹೇಳಿಕೊಡಿ: ಅಕ್ಕಿಕಾಳಿಗಿಂತ ತೆಳ್ಳಗೆ, ನೀರಿನ ಮೇಲ್ಮೈಗೆ ಬಾಲ ತಾಗಿಸಿ ತಲೆಕೆಳಗಾಗಿ ನೇತಾಡುತ್ತದೆ. ನೆರಳು ಬಿದ್ದರೆ ಸರ್ರನೆ ತಳಕ್ಕೆ ಹೋಗುತ್ತದೆ. ಅದು ಕೋಶವಾದಾಗ ಅಲ್ಪವಿರಾಮ ಚಿಹ್ನೆಯಂತೆ ಬಾಗಿರುತ್ತದೆ. ಅದು ಕಂಡರೆ ಸೊಳ್ಳೆಯಾಗಲು ಒಂದೆರಡು ದಿನ ಮಾತ್ರ ಬಾಕಿ ಅಂತ ತಿಳಿಯಿರಿ.

ಎಲ್ಲೆಲ್ಲಿ ನೋಡಬೇಕು? ಹೂಕುಂಡದ ಕೆಳಗಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿ, ಫ್ರಿಜ್ ಹಿಂದಿನ ಟ್ರೇ, ಕೂಲರ್, ಇರುವೆ ಬಾರದಿರಲಿ ಅಂತ ಮೇಜಿನ ಕಾಲಿಗೆ ಇಟ್ಟ ನೀರಿನ ಬಟ್ಟಲು, ಹಕ್ಕಿಗೆ ಇಟ್ಟ ನೀರು, ಟೆರೇಸ್ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆ, ಒಡೆದ ಬಕೆಟ್, ಟೈರು, ಎಳನೀರು ಬುರುಡೆ, ತೆಂಗಿನ ಚಿಪ್ಪು, ಪೇಂಟ್ ಡಬ್ಬ. ಬಳಸದ ಬಾತ್‌ರೂಮ್ ಇದ್ದರೆ ವಾರಕ್ಕೊಮ್ಮೆ ಫ್ಲಶ್ ಮಾಡಿ. ಊರಿಗೆ ಹೋಗುವ ಮುಂಚೆ ಕಮೋಡ್ ಮುಚ್ಚಿ ಹೋಗಿ. ಅಪಾರ್ಟ್‌ಮೆಂಟ್‌ನವರು ಲಿಫ್ಟ್ ಗುಂಡಿಗೆ ಟಾರ್ಚ್ ಬಿಟ್ಟು ನೋಡಲೇಬೇಕು. ಮಲೆನಾಡು, ಕರಾವಳಿಯಲ್ಲಾದರೆ ತೋಟಕ್ಕೆ ಹೋಗಿ. ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಕಡಿದ ಬಿದಿರಿನ ಬುಡ, ಮರದ ಪೊಟರೆ, ಎಲ್ಲದರಲ್ಲೂ ಈಡಿಸ್‌ನ ಇನ್ನೊಂದು ಜಾತಿ ಬೆಳೆಯುತ್ತದೆ. ಹಾಳೆ ಗುಡ್ಡೆ ಹಾಕಿ ಮುಚ್ಚಿ, ಚಿಪ್ಪು ಮಳೆಗಾಲದಲ್ಲಿ ಬೋರಲು ಹಾಕಿ.

ಬರೀ ಚೆಲ್ಲಿದರೆ ಸಾಲದು, ಉಜ್ಜಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಬೇಸಿಗೆಯಲ್ಲಿ ಒಣಗಿದ ಡ್ರಮ್ಮಿಗೆ ಜೂನ್‌ನಲ್ಲಿ ನೀರು ಬಿದ್ದ ಕೂಡಲೇ ಹುಳ ಕಾಣುವುದು ಇದಕ್ಕೇ. ತೆಂಗಿನ ನಾರು ಅಥವಾ ಬ್ರಷ್‌ನಿಂದ ಒಳಗೋಡೆಯನ್ನು ಗಟ್ಟಿಯಾಗಿ ತಿಕ್ಕಿ. ಆ ನೀರನ್ನು ಮೋರಿಗಲ್ಲ, ಒಣ ಮಣ್ಣಿಗೆ ಚೆಲ್ಲಿ.

ಹೆಜ್ಜೆ 2: ಹಿಡಿದಿಟ್ಟ ನೀರು

ನಿಜವಾದ ಕಷ್ಟ ಇರುವುದು ಇಲ್ಲಿ. ದಿನಾ ನಲ್ಲಿ ನೀರು ಬರುವವರಿಗೆ "ನೀರು ಕೂಡಿಡಬೇಡಿ" ಅನ್ನುವುದು ಸುಲಭ. ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ನೀರು ಬಿಡುವ ಊರಲ್ಲಿ ಡ್ರಮ್ಮು, ಹಂಡೆ, ಕೊಡ ತುಂಬಿಡದೆ ಬದುಕುವುದು ಹೇಗೆ? ಅವರನ್ನು ಬೈಯುವುದು ತಪ್ಪು. ಅವರು ಮಾಡಬಹುದಾದದ್ದು ಮುಚ್ಚುವುದು.

ಡ್ರಮ್ಮಿನ ಬಾಯಿಗೆ ಹಳೇ ಕಾಟನ್ ಪಂಚೆ ಅಥವಾ ನೈಲಾನ್ ಬಲೆ ಹಾಕಿ, ಸುತ್ತ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಕಟ್ಟಿ. ಬಟ್ಟೆ ನೀರಿಗೆ ತಾಗದ ಹಾಗೆ ಎಳೆದು ಕಟ್ಟಬೇಕು. ಮರದ ಹಲಗೆ, ತಗಡಿನ ಮುಚ್ಚಳ ಸಾಲದು. ಬೆರಳು ಹೋಗುವಷ್ಟು ಸಂದಿ ಇದ್ದರೆ ಸೊಳ್ಳೆ ಆರಾಮಾಗಿ ಹೋಗುತ್ತದೆ. ನೀರು ಬಿಡುವ ದಿನವೇ ನಿಮ್ಮ ತೊಳೆಯುವ ದಿನ ಆಗಲಿ. ಹಳೆಯದನ್ನು ಗಿಡಕ್ಕೆ, ಬಟ್ಟೆ ಒಗೆಯಲು ಬಳಸಿ, ಉಜ್ಜಿ, ಆಮೇಲೆ ಹೊಸ ನೀರು ತುಂಬಿ.

ಸಂಪಿನ ಮುಚ್ಚಳ ತುಕ್ಕು ಹಿಡಿದು ತೂತಾಗಿದೆಯಾ ನೋಡಿ. ಸಿಮೆಂಟು ಬಳಿದು ಮುಚ್ಚಿ. ಮೇಲಿನ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿ ಆರು ತಿಂಗಳಾದರೂ ನಾವು ಮೇಲೆ ಹತ್ತಿ ನೋಡಿರುವುದಿಲ್ಲ, ಅಲ್ವಾ? ಓವರ್‌ಫ್ಲೋ ಪೈಪಿನ ಬಾಯಿಗೂ ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿನ ತುದಿಗೂ ಬಲೆ ಕಟ್ಟಿ. ಗಾಳಿ ಪೈಪಿಗೆ ಒಂದು ತುಂಡು ಬಲೆ ಕಟ್ಟಲು ಐದು ನಿಮಿಷ ಸಾಕು. ನೂರಾರು ಕ್ಯೂಲೆಕ್ಸ್ ಸೊಳ್ಳೆ ಅಲ್ಲೇ ನಿಲ್ಲುತ್ತವೆ.

ಹೆಜ್ಜೆ 3: ಚೆಲ್ಲಲು ಆಗದ ನೀರಿಗೆ

ದನ ಕುಡಿಯುವ ತೊಟ್ಟಿ, ಅಲಂಕಾರದ ಕೊಳ, ಬಳಸದ ಬಾವಿಗೆ ಗಪ್ಪಿ ಮೀನು ಬಿಡಬಹುದು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಬಾವಿ, ಸಿಮೆಂಟ್ ತೊಟ್ಟಿಗಳಿಗೆ ಗಪ್ಪಿ ಬಿಟ್ಟು ಸೊಳ್ಳೆ ತಗ್ಗಿಸಿದ ಅನುಭವ ಇದೆ. ನೀರಿನ ಮೇಲ್ಮೈ ಒಂದು ಚದರ ಮೀಟರಿಗೆ 5ರಿಂದ 10 ಮೀನು ಸಾಕು. ಕ್ಲೋರಿನ್ ಹಾಕಿದ ನೀರಾದರೆ ಒಂದು ದಿನ ಬಿಟ್ಟು ಮೀನು ಬಿಡಿ. ಆರೋಗ್ಯ ಇಲಾಖೆಯ ಕಚೇರಿಗಳಲ್ಲಿ ಕೆಲವೆಡೆ ಪುಕ್ಕಟೆ ಕೊಡುತ್ತಾರೆ, ಕೇಳಿ ನೋಡಿ. ಆದರೆ ಕೆರೆಗೆ, ಹಳ್ಳಕ್ಕೆ ಮಾತ್ರ ಬಿಡಬೇಡಿ. ಇದೇ ಕೆಲಸಕ್ಕೆ 1928ರಲ್ಲಿ ನಮ್ಮ ದೇಶಕ್ಕೆ ತಂದ ಗಂಬೂಸಿಯಾ ಮೀನು ಸೊಳ್ಳೆ ಹುಳದ ಜೊತೆಗೆ ಕಪ್ಪೆ ಮರಿಗಳನ್ನೂ, ನಮ್ಮ ಊರ ಮೀನಿನ ಮೊಟ್ಟೆಗಳನ್ನೂ ತಿನ್ನುತ್ತದೆ. ಕೆರೆಯಲ್ಲಿ ಕೊಡತಿ ಹುಳ, ಸ್ಥಳೀಯ ಮೀನು ಮೊದಲೇ ಇರುತ್ತವೆ. ಅವು ತಮ್ಮ ಕೆಲಸ ಮಾಡುತ್ತವೆ.

ಮೀನು ಬಿಡಲಾಗದ ಕಡೆ ಬಿಟಿಐ ಬಳಸಿ. ಇದು ಮಣ್ಣಿನಲ್ಲಿ ಸಿಗುವ ಒಂದು ಬ್ಯಾಕ್ಟೀರಿಯಾ. 1970ರ ದಶಕದಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಕೊಚ್ಚೆಯೊಂದರಲ್ಲಿ ಸತ್ತ ಸೊಳ್ಳೆ ಹುಳಗಳ ನಡುವೆ ಇದನ್ನು ಕಂಡುಹಿಡಿದರು. ಸೊಳ್ಳೆ ಹುಳ ತಿಂದರೆ ಅದರ ಹೊಟ್ಟೆಯೊಳಗೆ ವಿಷವಾಗುತ್ತದೆ. ಮನುಷ್ಯ, ದನ, ಮೀನು, ಜೇನಿಗೆ ತೊಂದರೆಯಿಲ್ಲ. ಒಂದು ಮಾತು ನೆನಪಿಡಿ: ಕೋಶವಾದ ಮೇಲೆ ಹುಳ ಏನೂ ತಿನ್ನುವುದಿಲ್ಲ, ಆಗ ಬಿಟಿಐ ಕೆಲಸ ಮಾಡುವುದಿಲ್ಲ. ಪ್ಯಾಕೆಟ್ ಮೇಲಿನ ಅಳತೆ, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಓದಿ ಹಾಕಿ. ಆರೋಗ್ಯ ಸಿಬ್ಬಂದಿ ತರುವ ಟೆಮಿಫಾಸ್ ಹುಳ ಕೊಲ್ಲುವ ರಾಸಾಯನಿಕ. ಸರಿಯಾದ ಅಳತೆಯಲ್ಲಿ ಹಾಕಿದರೆ ತಿಂಗಳುಗಟ್ಟಲೆ ಖಾಲಿಯಾಗದ ನೀರಿಗೆ ಅದು ಉಪಯೋಗ. ನೀವೇ ಅಂದಾಜಿನಲ್ಲಿ ಸುರಿಯಬೇಡಿ.

ಹೊಲಕ್ಕೆ ಹೊಡೆದು ಉಳಿದ ಔಷಧಿಯನ್ನು ಮನೆಗೆ, ಕೊಟ್ಟಿಗೆಗೆ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಅದು ಮಲಗುವ ಕೋಣೆಗೆ ತಯಾರಿಸಿದ್ದಲ್ಲ. ದಿನಗಟ್ಟಲೆ ಗೋಡೆ, ಹಾಸಿಗೆಯಲ್ಲಿ ಉಳಿದು ಮಕ್ಕಳ ಕೈಗೆ, ಬಾಯಿಗೆ ಹೋಗುತ್ತದೆ.

ಹೆಜ್ಜೆ 4: ಕಚ್ಚದಂತೆ

ಕಿಟಕಿಗೆ ಜಾಲರಿ ಒಮ್ಮೆ ಖರ್ಚು, ಹಲವು ವರ್ಷ ಉಪಯೋಗ. ಹಣ ಕಡಿಮೆ ಇದ್ದರೆ ಮೊದಲು ಮಲಗುವ ಕೋಣೆಗೆ ಹಾಕಿಸಿ. ಸೊಳ್ಳೆಪರದೆ ತರುವಾಗ ಚದರ ಇಂಚಿಗೆ 156 ತೂತು ಇರುವುದು ಒಳ್ಳೆಯದು. ಹಗಲು ಮಲಗುವ ಮಗು, ಬಾಣಂತಿ, ವಯಸ್ಸಾದವರಿಗೆ ಹಗಲಲ್ಲೇ ಪರದೆ ಕಟ್ಟಿ. ಮಕ್ಕಳನ್ನು ಸಂಜೆ ಆಟಕ್ಕೆ ಕಳಿಸುವಾಗ ಉದ್ದ ತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿ. ಮೈಗೆ ಹಚ್ಚುವ ಕ್ರೀಮು ಡೀಟ್ ಅಥವಾ ಪಿಕಾರಿಡಿನ್ ಇರುವುದಾದರೆ ಕೆಲವು ಗಂಟೆ ಕಾಯುತ್ತದೆ. ಬೇವಿನೆಣ್ಣೆ, ನಿಂಬೆಹುಲ್ಲಿನ ಎಣ್ಣೆ ಬೇಗ ಆರಿಹೋಗುತ್ತವೆ, ಮತ್ತೆ ಮತ್ತೆ ಹಚ್ಚಬೇಕು. ಫ್ಯಾನ್ ಗಾಳಿ ಜೋರಾಗಿದ್ದರೆ ಸೊಳ್ಳೆ ಹಾರಲು ತಿಣುಕುತ್ತದೆ.

ಕಾಯಿಲ್ ಬಗ್ಗೆ ನನಗೆ ಬಹಳ ಬೇಸರ ಇದೆ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸೇದಿದಷ್ಟು ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಮುಚ್ಚಿದ ಕೋಣೆಯಲ್ಲಿ ಮಗುವನ್ನು ಮಲಗಿಸಿ ಅದನ್ನು ಹಚ್ಚುವುದು ಬೇಡ. ಬೇವಿನ ಸೊಪ್ಪಿನ ಹೊಗೆಯೂ ಹೊಗೆಯೇ. ಕೊಟ್ಟಿಗೆಗೆ ಸರಿ, ಮಲಗುವ ಕೋಣೆಗೆ ಬೇಡ. ಕಿವಿಗೆ ಕೇಳದ ಶಬ್ದದಿಂದ ಸೊಳ್ಳೆ ಓಡಿಸುತ್ತೇವೆ ಅನ್ನುವ ಪ್ಲಗ್ ಯಂತ್ರಗಳು ಕೆಲಸ ಮಾಡುವುದಿಲ್ಲ. ದುಡ್ಡು ಸುಮ್ನೆ ಹಾಳು.

ಹೆಜ್ಜೆ 5: ಮನೆಯಲ್ಲಿ ಜ್ವರ ಬಂದರೆ

ಇದನ್ನು ಬಹಳ ಜನ ಮಾಡುವುದಿಲ್ಲ, ನಾವೂ ಮಾಡಲಿಲ್ಲ. ಜ್ವರ ಶುರುವಾದ ಮೊದಲ ಐದು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಕಚ್ಚಿದ ಸೊಳ್ಳೆ ಎಂಟು, ಹತ್ತು ದಿನದಲ್ಲಿ ಬೇರೆಯವರಿಗೆ ಹಂಚಲು ತಯಾರಾಗುತ್ತದೆ. ಆದ್ದರಿಂದ ರೋಗಿಯನ್ನು ಹಗಲೂ ರಾತ್ರಿ ಪರದೆಯೊಳಗೆ ಮಲಗಿಸಿ. ಇದು ರೋಗಿಗಲ್ಲ, ಮನೆಯ ಉಳಿದವರಿಗೆ, ಎದುರು ಮನೆಯ ಅಜ್ಜಿಗೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೆಜ್ಜೆ 6: ಹೊಗೆ ಬೇಕೇ ಬೇಕು ಅಂದಾಗ

ಒಂದೇ ಬೀದಿಯಲ್ಲಿ ಹಲವರಿಗೆ ಡೆಂಗಿ ಖಚಿತವಾದರೆ, ವೈರಸ್ ಹೊತ್ತ ಸೊಳ್ಳೆಗಳನ್ನು ಬೇಗ ಕೊಲ್ಲಬೇಕಾಗುತ್ತದೆ. ಆಗ ಬೇಡ ಅನ್ನಬೇಡಿ. ಆದರೆ ಇಷ್ಟು ಕೇಳಿ: ಯಾವ ಔಷಧಿ, ಎಷ್ಟು ಹೊತ್ತಿಗೆ, ಮನೆಯೊಳಗೆ ಹೊಡೆಯುತ್ತೀರಾ? ಬೀದಿಯಲ್ಲಿ ಗಾಡಿ ಓಡಿಸುವುದಕ್ಕಿಂತ ರೋಗಿಯ ಮನೆ ಮತ್ತು ಸುತ್ತಲಿನ ಮನೆಗಳ ಒಳಗೆ ಸಣ್ಣ ಯಂತ್ರದಿಂದ ಹೊಡೆಸುವುದು ಮೇಲು. ಮೊದಲು ಒಳಗಿನ ಜನರೆಲ್ಲ ಹೊರಗೆ ಬನ್ನಿ. ಊಟ, ಕುಡಿಯುವ ನೀರು, ಪಾತ್ರೆ, ಮಗುವಿನ ಆಟಿಕೆ ಮುಚ್ಚಿ. ಒಲೆ, ದೀಪ ಆರಿಸಿ. ಅಕ್ವೇರಿಯಂ ಮುಚ್ಚಿ, ಅದರ ಗಾಳಿ ಪಂಪ್ ನಿಲ್ಲಿಸಿ. ಪೈರೆಥ್ರಮ್ ಗುಂಪಿನ ಔಷಧಿಗಳು ಮೀನಿಗೆ ಕಡುವಿಷ, ಬೆಕ್ಕಿಗೂ ಆಗಿಬರುವುದಿಲ್ಲ. ಜೇನುಪೆಟ್ಟಿಗೆ ಇಟ್ಟವರಿಗೆ ಹಿಂದಿನ ದಿನವೇ ತಿಳಿಸಿ. ಹೊಗೆ ಬಿಟ್ಟ ಮೇಲೆ ಅರ್ಧ ಗಂಟೆಯಾದರೂ ಬಾಗಿಲು ಮುಚ್ಚಿಟ್ಟು, ಆಮೇಲೆ ಎಲ್ಲ ಕಿಟಕಿ ತೆರೆದು ಗಾಳಿಯಾಡಿಸಿ ಒಳಗೆ ಹೋಗಿ. ಉಬ್ಬಸದವರು, ಗರ್ಭಿಣಿಯರು, ಹಸುಗೂಸು ಆ ದಿನ ಬೇರೆ ಕಡೆ ಇದ್ದರೆ ಒಳ್ಳೆಯದು. ಮತ್ತು ಅದೇ ದಿನ ನೀರು ಚೆಲ್ಲಿ. ಇಲ್ಲದಿದ್ದರೆ ಹೊಗೆಯ ಖರ್ಚು ವ್ಯರ್ಥ.

ಹೆಜ್ಜೆ 7: ಬೀದಿ ಒಟ್ಟಾದರೆ

ನೂರು ಮೀಟರ್ ಹಾರುವ ಸೊಳ್ಳೆಗೆ ನಿಮ್ಮ ಕಾಂಪೌಂಡ್ ಲೆಕ್ಕಕ್ಕಿಲ್ಲ. ನಿಕರಾಗುವಾ ಮತ್ತು ಮೆಕ್ಸಿಕೊದಲ್ಲಿ ಜನರೇ ಗುಂಪು ಕಟ್ಟಿಕೊಂಡು, ಕೀಟನಾಶಕ ನಂಬದೆ, ನೀರಿನ ಪಾತ್ರೆಗಳನ್ನು ನೋಡಿಕೊಂಡರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಊರುಗಳ ಮಕ್ಕಳಲ್ಲಿ ಡೆಂಗಿ ಸೋಂಕು ಉಳಿದ ಊರುಗಳಿಗಿಂತ 29.5 ಶೇಕಡಾ ಕಡಿಮೆ ಇತ್ತು. ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಸೊಳ್ಳೆಯೊಳಗೆ ಡೆಂಗಿ ವೈರಸ್ ಬೆಳೆಯದಂತೆ ತಡೆಯುವ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳನ್ನು ಬಿಟ್ಟು ಡೆಂಗಿಯನ್ನು 77 ಶೇಕಡಾ ತಗ್ಗಿಸಿದ್ದಾರೆ. ಅದು ವಿಜ್ಞಾನಿಗಳ, ಸರ್ಕಾರದ ಕೆಲಸ. ಪುದುಚೇರಿಯ ಸಂಶೋಧನಾ ಕೇಂದ್ರದಲ್ಲಿ ಅಂಥ ಸೊಳ್ಳೆ ತಯಾರಾಗಿವೆ. ನಮ್ಮ ಕೈಯಲ್ಲಿ ಇವತ್ತಿಗೆ ಇರುವುದು ಟಾರ್ಚು, ಬ್ರಷ್ಷು ಮತ್ತು ಪಕ್ಕದ ಮನೆಯವರ ಸ್ನೇಹ.

ಒಂದು ನೋಟ್‌ಪುಸ್ತಕ ಇಡಿ. ಪ್ರತಿ ವಾರ ಎಷ್ಟು ಮನೆ ನೋಡಿದಿರಿ, ಎಷ್ಟರಲ್ಲಿ ಹುಳ ಸಿಕ್ಕಿತು, ಯಾವುದರಲ್ಲಿ ಅಂತ ಬರೆಯಿರಿ. ಯಾರ ಮನೆ ಅಂತ ಸಾರಿ ಹೇಳಬೇಡಿ. "ಆಂಟಿ, ನಿಮ್ಮ ಕುಂಡದ ತಟ್ಟೆ ನಾನೇ ತೊಳೆದುಕೊಡ್ತೀನಿ" ಅಂದರೆ ಮುಂದಿನ ವಾರ ಅವರೇ ತೊಳೆದಿರುತ್ತಾರೆ. ಬೀಗ ಹಾಕಿದ ಮನೆ, ಖಾಲಿ ಸೈಟು, ಅರ್ಧಕ್ಕೆ ನಿಂತ ಕಟ್ಟಡ, ಪಂಚರ್ ಅಂಗಡಿಯ ಟೈರು, ಇವನ್ನು ಬೇರೆ ಪಟ್ಟಿ ಮಾಡಿ. 2024ರಲ್ಲಿ ರಾಜ್ಯದಲ್ಲಿ ಡೆಂಗಿ 25 ಸಾವಿರ ದಾಟಿದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಇಟ್ಟಿತು. ನಗರದ ಮನೆಗೆ 400 ರೂಪಾಯಿ, ಕಟ್ಟಡ ಕೆಲಸದ ಜಾಗಕ್ಕೆ 2000. ಡ್ರಮ್ಮು ಇಟ್ಟ ಬಡವರಿಗೆ ದಂಡ ಹಾಕುವ ಮೊದಲು ಅವರಿಗೆ ನೀರು ಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಟ್ಟಡದ ಗುಂಡಿಗಳಿಗೆ ಹಾಕಲಿ.

ಇನ್ನು ಮೇಲೆ ನಗರಸಭೆಗೋ ಪಂಚಾಯಿತಿಗೋ ಅರ್ಜಿ ಬರೆಯುವಾಗ "ಫಾಗಿಂಗ್ ಮಾಡಿಸಿ" ಅಂತ ಒಂದೇ ಸಾಲು ಬರೆಯಬೇಡಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿದೆ, ಅದು ವಾರಕ್ಕೆ ಎರಡು ಸಲವಾದರೂ ಬರಬೇಕು ಅಂತ ಮೊದಲು ಬರೆಯಿರಿ. ಆಮೇಲೆ ನೀರು ನಿಂತ ಸೈಟುಗಳ ಪಟ್ಟಿ, ಬಿಟಿಐ ಮತ್ತು ಗಪ್ಪಿ ಮೀನಿನ ಬೇಡಿಕೆ, ಹುಳ ನೋಡಲು ಸಿಬ್ಬಂದಿ ತಿಂಗಳಿಗೆ ಎಷ್ಟು ಸಲ ಬರುತ್ತಾರೆ ಅನ್ನುವ ಪ್ರಶ್ನೆ. ನೋಟ್‌ಪುಸ್ತಕದ ಪುಟಗಳ ನಕಲು ಜೊತೆಗಿಡಿ. ಬೀದಿಯವರೆಲ್ಲ ಸಹಿ ಮಾಡಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.